ಅತ್ತೆ ಆರಿಸಿದ ರೋಸಿನ್ ಯಂತ್ರ

ಮೈನ್ ರಾಜ್ಯದ ಟೆನ್ನಿ ಮಿಲ್ಸ್ ಊರಿಗೆ ಗಿರಣಿ ಕೆಲಸಕ್ಕೆ ಬಂದು ನೆಲೆಸಿದ ಫ್ರೆಂಚ್ ಮನೆತನಗಳಲ್ಲಿ ತಾಳಜ್ಞಾನವಿಲ್ಲದೆ ಹುಟ್ಟಿದವನು ಒಬ್ಬನೇ ಒಬ್ಬ. ಅವನೇ ಒಮೇರ್ ಲವೆಕ್. ಆ ಊರಿನಲ್ಲಿ ಪಿಟೀಲಿನ ಸದ್ದು ಕಿವಿಗೆ ಬಿದ್ದರೆ ತೊಟ್ಟಿಲ ಮಗುವೂ ಕಾಲಲ್ಲಿ ತಾಳ ಹಾಕುತ್ತದೆ. ಒಮೇರ್ ಕಾಲಲ್ಲಿ ತಾಳ ಹಾಕಿದರೆ ಪಕ್ಕದಲ್ಲಿ ಕೂತವರು ಸೆಳೆತ ಬಂತೇನೋ ಎಂದು ನೀರು ತರಲು ಓಡುತ್ತಾರೆ. ಇಂಥವನು ಹೋಗಿ ಹೋಗಿ ಮದುವೆಯಾದದ್ದು ಪಿಟೀಲಿನ ಅಡೆಲಾರನ ಮಗಳನ್ನು. ನದಿಯ ಎರಡೂ ದಡದಲ್ಲಿ ಅಡೆಲಾರನ ಪಿಟೀಲಿಲ್ಲದೆ ಒಂದು ಮದುವೆ ನಡೆದದ್ದಿಲ್ಲ. ಒಮೇರನ ಮದುವೆಯೊಂದರಲ್ಲಿ ಮಾತ್ರ ಅವನು ಅಳಿಯನ ಕುಣಿತ ನೋಡಿ ಅರ್ಧಕ್ಕೇ ನಿಲ್ಲಿಸಿದ್ದ.

ಆ ಅಡೆಲಾರ್ ಈಗಿಲ್ಲ. ಅವನ ಹೆಂಡತಿ ಅಲ್ಫೋನ್ಸಿನ್ ಇದ್ದಾಳೆ. ಊರೆಲ್ಲ ಆಕೆಯನ್ನು ಮೆಮೇರ್, ಅಂದರೆ ಅಜ್ಜಿ, ಎಂದೇ ಕರೆಯುವುದು. ಸೊಂಟದ ಮೂಳೆ ಮುರಿದ ಮೇಲೆ ಆಕೆ ಮಗಳ ಮನೆಗೆ ಬಂದು ನೆಲೆಸಿದಳು. ಅಳಿಯನ ಮೇಲೆ ಆಕೆಗೆ ಸಿಟ್ಟೇನೂ ಇರಲಿಲ್ಲ, ಗಮನವೇ ಇರಲಿಲ್ಲ. ಅಡುಗೆಮನೆಯ ಸ್ಟೂಲನ್ನು ಮನುಷ್ಯರು ಹೇಗೆ ಕಾಣುತ್ತಾರೋ ಹಾಗೆ, ದಾರಿಗೆ ಅಡ್ಡ ಬಂದಾಗ ಮಾತ್ರ ಅವನನ್ನು ಕಾಣುತ್ತಿದ್ದಳು.

ಶಾಲಾ ಬಸ್ಸು ಓಡಿಸಿ ನಿವೃತ್ತನಾದ ಒಮೇರನಿಗೆ ಆ ಕೆಲಸದಿಂದ ಉಳಿದ ಆಸ್ತಿ ಎಂದರೆ ಬೆನ್ನುನೋವು. ಅದಕ್ಕೆ ಮದ್ದಾಗಲಿ ಎಂದು ಹಿತ್ತಲಲ್ಲಿ, ಟೊಮೇಟೊ ಸಾಲಿನ ಹಿಂದೆ, ಕಾನೂನು ಒಪ್ಪುವಷ್ಟು ಗಾಂಜಾ ಗಿಡ ಬೆಳೆಸಿದ್ದ. ಮೈನ್ ರಾಜ್ಯದ ಸರ್ಕಾರಕ್ಕೆ ಇದರಲ್ಲಿ ಯಾವ ತಕರಾರೂ ಇರಲಿಲ್ಲ. ಆದರೆ ಆ ಮನೆಯಲ್ಲಿ ನಡೆಯುತ್ತಿದ್ದದ್ದು ರಾಜ್ಯದ ಕಾನೂನಲ್ಲ, ಮೆಮೇರ್‌ಳ ಕಾನೂನು. ಆದ್ದರಿಂದ ಅದು ಯಾವುದೋ ಜಪಾನಿ ಟೊಮೇಟೊ, ಕಾಯಿ ಬಿಡುವುದಿಲ್ಲ ಎಂದು ಆಕೆಗೆ ಹೇಳಿಟ್ಟಿದ್ದರು. "ಅವನು ನೆಟ್ಟಿದ್ದು ಕಾಯಿ ಬಿಟ್ಟರೆ ತಾನೇ ಆಶ್ಚರ್ಯ" ಎಂದು ಆಕೆ ನಂಬಿದ್ದಳು.

ಗಿಡ ಆಳೆತ್ತರ ಬೆಳೆಯಿತು, ಜೊತೆಗೆ ಒಮೇರನ ತಲೆಯೂ ಬೆಳೆಯಿತು. ಸೊಪ್ಪು ಸೇದುವುದು ಹುಡುಗಾಟಿಕೆ, ರುಚಿ ತಿಳಿದವರು ರೋಸಿನ್ ತೆಗೆಯುತ್ತಾರೆ ಎಂದು ಅವನು ಗಾಂಜಾ ಅಂಗಡಿಯಲ್ಲಿ ಕೇಳಿಸಿಕೊಂಡ. ಒಣಗಿದ ಹೂವನ್ನು ಕಾದ ಎರಡು ತಟ್ಟೆಗಳ ನಡುವೆ ಇಟ್ಟು ಬಲವಾಗಿ ಒತ್ತಿದರೆ ಜೇನಿನ ಬಣ್ಣದ ಅಂಟು ಇಳಿಯುತ್ತದಂತೆ; ಅದೇ ರೋಸಿನ್. ಮನೆಯಲ್ಲಿ ಯಂತ್ರವಿರಲಿಲ್ಲ. ಆದರೆ ಕಾಯುವ ಎರಡು ತಟ್ಟೆಯ ವಸ್ತು ಒಂದಿತ್ತು: ಹೆಂಡತಿ ಲೋರೆಟ್ ಕೂದಲು ನೇರ ಮಾಡಿಕೊಳ್ಳುವ ವಿದ್ಯುತ್ ಇಕ್ಕಳ. ಒಮೇರ್ ಶನಿವಾರ ಅದರಲ್ಲಿ ಹೂವಿಟ್ಟು ಒತ್ತಿದ. ಲೋರೆಟ್ ಭಾನುವಾರ ಅದೇ ಇಕ್ಕಳದಲ್ಲಿ ಕೂದಲು ಒತ್ತಿಕೊಂಡು ಚರ್ಚಿಗೆ ಹೋಗಿ ಗಾಯಕರ ಸಾಲಿನಲ್ಲಿ ನಿಂತಳು. ಧೂಪ ಹಾಕುವ ಮೊದಲೇ ಪರಿಮಳ ಹರಡಿತೆಂದು ವಯಸ್ಸಾದ ಪಾದ್ರಿಗಳು ಸಂತೋಷಪಟ್ಟರು. ಹಿಂದಿನ ಬೆಂಚಿನ ಯುವಕರು ಅವರಿಗಿಂತ ಹೆಚ್ಚು ಸಂತೋಷಪಟ್ಟು, ಎಂದೂ ಇಲ್ಲದ ಭಕ್ತಿಯಿಂದ ಮುಂದಿನ ಬೆಂಚಿಗೆ ಬಂದು ಕೂತರು.

"ನಿನಗೆ ಆ ಅಂಟು ಬೇಕು ಅಂದ್ರೆ ನಿಂದೇ ಒಂದು ಯಂತ್ರ ತಗೋ," ಎಂದಳು ಲೋರೆಟ್, ಮೂರನೇ ಸಲ ತಲೆ ತೊಳೆದು ಬಂದು. "ನನ್ನ ತಲೆಗೆ ಬರಬೇಡ."

"ತಗೋತೀನಿ. ಒಳ್ಳೇದೇ ನೋಡಿ ತಗೋತೀನಿ."

"ಅಮ್ಮನಿಗೆ ಏನಾದ್ರೂ ಗೊತ್ತಾದ್ರೆ, ನೋಡು, ನಾನು ಈ ಮನೆಯಲ್ಲಿ ಬಾಡಿಗೆಗೆ ಇರೋಳ ಥರ ಸುಮ್ಮನಿದ್ದುಬಿಡ್ತೀನಿ."

ಯಂತ್ರಗಳ ಚಿತ್ರವಿದ್ದ ಪುಸ್ತಕ ಅಂಚೆಯಲ್ಲಿ ಬಂತು. ರಹಸ್ಯ ಕಾಪಾಡಬೇಕಾದವನು ಅದನ್ನು ಎಲ್ಲಿಡಬೇಕು? ಒಮೇರ್ ಊಟದ ಮೇಜಿನ ನಟ್ಟನಡುವೆ ಇಟ್ಟು ಕನ್ನಡಕ ಹುಡುಕಲು ಹೋದ. ಮರಳಿ ಬರುವಷ್ಟರಲ್ಲಿ ಮೆಮೇರ್ ಭೂತಗನ್ನಡಿ ಹಿಡಿದು ಮೊದಲ ಪುಟ ಓದುತ್ತಿದ್ದಳು.

"ಇದು ಯಾರದು?"

ಒಮೇರ್ ಹುಡುಕಿ ತಂದ ಕನ್ನಡಕವನ್ನು ಜೇಬಿಗೆ ಸೇರಿಸಿದ. "ಅದು, ಮೆಮೇರ್, ಪೋಸ್ಟಿನವನು ತಪ್ಪಿ..."

"ನಿನ್ನ ಹೆಸರೇ ಇದೆಯಲ್ಲ. ಮನೆಯಲ್ಲೇ ರೋಸಿನ್ ತೆಗೆಯೋ ಯಂತ್ರ." ಆಕೆ ಭೂತಗನ್ನಡಿ ಇಳಿಸಿದಳು. "ನೀನು ರೋಸಿನ್ ಮಾಡ್ತೀಯಾ?"

"ಮಾಡಬೇಕು ಅಂತ ಒಂದು ಸಣ್ಣ ಆಸೆ, ಮೆಮೇರ್. ನೀವು ಬೇಡ ಅಂದ್ರೆ..."

"ನಾನ್ಯಾಕೆ ಬೇಡ ಅನ್ನಲಿ? ಅಡೆಲಾರನ ಕೋಟಿನ ಜೇಬಲ್ಲಿ ಯಾವಾಗಲೂ ಒಂದು ಗಟ್ಟಿ ಇರ್ತಿತ್ತು. ಒಗೆಯೋಕೆ ಹಾಕೋ ಮುಂಚೆ ತೆಗೆದಿಡೋದೇ ನನಗೊಂದು ಕೆಲಸ. ಅವನ ಪಿಟೀಲಿಗೆ ಅಂತ ನೀನು ಇಷ್ಟೆಲ್ಲ..." ಎಂದು ಆಕೆ ಮಾತು ನಿಲ್ಲಿಸಿ ಮೂಗೊರೆಸಿಕೊಂಡಳು.

ಪಿಟೀಲುಗಾರನ ಜೊತೆ ಜೀವಮಾನ ಕಳೆದ ಹೆಂಗಸಿಗೆ ರೋಸಿನ್ ಎಂದರೆ ಲೋಕದಲ್ಲಿ ಒಂದೇ: ಕಮಾನಿಗೆ ಉಜ್ಜುವ ಪೈನ್ ಮರದ ರಾಳ. ಅದಿಲ್ಲದಿದ್ದರೆ ತಂತಿ ಹಾಡುವುದಿಲ್ಲ. ಒಮೇರ್ ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಮೆಮೇರ್ ಬೆಳಿಗ್ಗೆ ಮಾಡಿದ್ದ ಹಂದಿಮಾಂಸದ ಪೈಯಲ್ಲಿ ದೊಡ್ಡ ತುಂಡು ಕತ್ತರಿಸಿ ಅವನ ಮುಂದಿಟ್ಟಳು. ಆಕೆ ತನ್ನ ಕೈಯಾರೆ ಅವನಿಗೆ ಬಡಿಸಿದ್ದು ಮದುವೆಯ ದಿನ ಬಿಟ್ಟರೆ ಅಂದೇ. ಬಾಯಿ ತೆರೆದೇ ಇತ್ತು. ಪೈ ಒಳಗೆ ಹೋಯಿತು. ಬಾಯಿ ತುಂಬಿರುವಾಗ ಸತ್ಯ ನುಡಿಯುವುದು ಸಭ್ಯರ ಲಕ್ಷಣವಲ್ಲ.

ಮರುದಿನದಿಂದ ಯಂತ್ರ ಆರಿಸುವ ಕೆಲಸ ಒಮೇರನ ಕೈ ತಪ್ಪಿತು. ಊಟ ಮುಗಿದು ಪಾತ್ರೆ ತೊಳೆದ ಮೇಲೆ ಮೆಮೇರ್ ಚಹಾ ಹಿಡಿದು ಕಿಟಕಿಯ ಪಕ್ಕ ಕೂರುವಳು. ಒಮೇರ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಪುಟ ತಿರುವಬೇಕು.

"ಇದೇನು, ಹಲ್ಲು ಕೀಳೋ ಡಾಕ್ಟರ ಸಾಮಾನಿನ ಥರ ಇದೆ?"

"ಇದು ಗಾಳಿಯ ಬಲದಲ್ಲಿ ಒತ್ತೋದು, ಮೆಮೇರ್. ಗಾಳಿ ತುಂಬೋಕೆ ಪಕ್ಕದಲ್ಲಿ ಕಂಪ್ರೆಸರ್ ಇಡಬೇಕು."

"ಗಾಳಿ ತುಂಬಿರೋರು ಮನೆಯಲ್ಲಿ ಒಬ್ಬರಿದ್ರೆ ಸಾಕು. ಮುಂದಿನದು."

"ಇದು ಇಪ್ಪತ್ತು ಟನ್ ಒತ್ತುತ್ತಂತೆ."

"ರೋಸಿನ್ ಮಾಡ್ತೀಯೋ, ರೈಲು ಚಪ್ಪಟೆ ಮಾಡ್ತೀಯೋ? ಮುಂದಿನದು."

"ಇದು ಕೈಯಲ್ಲೇ ತಿರುಗಿಸೋ ಸ್ಕ್ರೂ. ಬೆಲೆಯೂ ಕಮ್ಮಿ."

"ನಿನ್ನ ಬೆನ್ನಿಗೆ ಆಗಲ್ಲ," ಎಂದಳು ಮೆಮೇರ್.

ಒಮೇರ್ ಪುಟ ತಿರುವುವುದನ್ನೇ ಮರೆತ. ತನಗೊಂದು ಬೆನ್ನಿದೆ ಎಂಬುದು ಅತ್ತೆಗೆ ಗೊತ್ತಿದೆ ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಅವನಿಗೆ ನಿಜವಾಗಿಯೂ ಸಂತೋಷವಾಯಿತು. ಅದರ ಬೆನ್ನಲ್ಲೇ ಭಯವೂ ಆಯಿತು. ಈ ಸಂತೋಷವೆಲ್ಲ ಒಂದು ಸುಳ್ಳಿನ ಮೇಲೆ ಕೂತಿದೆ, ಅದು ಜಾರಿದ ದಿನ ತಾನು ಮತ್ತೆ ಸ್ಟೂಲು.

ಮೆಮೇರ್ ಮಾತ್ರ ಹುರುಪಿನಲ್ಲಿದ್ದಳು. ಎರಡು ತಟ್ಟೆಯೂ ಒಂದೇ ಸಮ ಕಾಯುತ್ತದೋ ಇಲ್ಲವೋ, ಒಂದು ಮೂಲೆ ಹೆಚ್ಚು ಕಾದರೆ ಪಾಕದ ಹಾಗೆ ಹೊತ್ತಿ ಹೋಗುವುದಿಲ್ಲವೋ, ಹಿಡಿ ಮುರಿದರೆ ಬೇರೆ ಸಿಗುತ್ತದೋ ಎಂದು ಕೇಳಿ ಕೇಳಿ ಅವನಿಂದ ಯಂತ್ರದವರಿಗೆ ಫೋನು ಮಾಡಿಸಿದಳು. ಅವರು ಇಷ್ಟು ತಿಳಿದ ಗ್ರಾಹಕರು ತಮಗೆ ಸಿಕ್ಕಿರಲಿಲ್ಲವೆಂದು ಹೊಗಳಿದರು.

ಸುದ್ದಿ ಬೇಲಿ ದಾಟಿತು. ಬೇಲಿಯ ಆಚೆಗಿದ್ದವನು ವೆಂಡೆಲ್ ಹ್ಯಾಸ್ಕೆಲ್. ಊರಿನಲ್ಲಿ ಯಾರು ಏನು ಕಟ್ಟಿದರು, ಯಾರ ಮನೆಯಿಂದ ಏನು ಹೊಗೆ ಬಂತು ಎಂದು ನೋಡುವ ಪುರಸಭೆಯ ಅಧಿಕಾರಿ. ಅವನಿಗೆ ಫ್ರೆಂಚೂ ಬಾರದು, ಪಿಟೀಲೂ ತಿಳಿಯದು. ರೋಸಿನ್ ಯಂತ್ರದಿಂದ ಏನು ತೆಗೆಯುತ್ತಾರೆಂದು ಮಾತ್ರ ಇಲಾಖೆಯ ತರಬೇತಿಯಲ್ಲಿ ಚೆನ್ನಾಗಿ ಕಲಿತಿದ್ದ. ಒಂದು ಮಧ್ಯಾಹ್ನ ಬಂದು ಟೋಪಿ ತೆಗೆದು ನಿಂತ.

"ಒಮೇರ್, ಗ್ಯಾರೇಜಲ್ಲಿ ರೋಸಿನ್ ಯಂತ್ರ ಇಡ್ತಿದ್ದೀಯಂತೆ. ಇಟ್ಕೋ, ಕಾನೂನಿನ ಅಡ್ಡಿ ಇಲ್ಲ. ವಾಸನೆ ಮಾತ್ರ ಬೇಲಿ ದಾಟಬಾರದು ನೋಡಪ್ಪ."

"ಏನು ವಾಸನೆ?" ಎಂದಳು ಮೆಮೇರ್ ಕಿಟಕಿಯ ಪಕ್ಕದಿಂದ. "ನನ್ನ ಗಂಡನ ಕೋಟಿನಿಂದ ನಲವತ್ತು ವರ್ಷ ಅದೇ ವಾಸನೆ ಬಂತು. ಯಾವ ಅಧಿಕಾರಿಯೂ ಬಂದು ಮೂಸಲಿಲ್ಲ."

ವೆಂಡೆಲ್ ಒಮೇರನನ್ನು ನೋಡಿದ. ಒಮೇರ್ ಛಾವಣಿ ನೋಡಿದ.

"ನಿಮ್ಮ ಯಜಮಾನರೂನಾ, ಮೇಡಂ?"

"ಪ್ರತಿ ಶನಿವಾರ. ಮದುವೆ ಅನ್ನಲಿಲ್ಲ, ಮಗುವಿನ ಜ್ಞಾನಸ್ನಾನ ಅನ್ನಲಿಲ್ಲ, ಪಾದ್ರಿಗಳ ಮುಂದೆನೇ ಜೇಬಿಂದ ತೆಗೆದು ಉಜ್ಜೋನು."

"ಉಜ್ಜೋದಾ? ಎಲ್ಲಿಗೆ?"

"ಇನ್ನೆಲ್ಲಿಗೆ? ಕುದುರೆ ಕೂದಲಿಗೆ."

ಪಿಟೀಲಿನ ಕಮಾನಿಗೆ ಕುದುರೆಯ ಬಾಲದ ಕೂದಲು ಕಟ್ಟುತ್ತಾರೆಂದು ತಿಳಿದವರಿಗೆ ಇದರಲ್ಲಿ ವಿಶೇಷವೇನಿಲ್ಲ. ವೆಂಡೆಲ್ ಟೋಪಿಯನ್ನು ಒಂದು ಸುತ್ತು ತಿರುಗಿಸಿದ.

"ಕುದುರೆ ಏನೂ ಅಂತಿರಲಿಲ್ವಾ?"

"ಅದು ಯಾವ ಕಾಲಕ್ಕೋ ಸತ್ತಿರುತ್ತಲ್ಲಪ್ಪ," ಎಂದಳು ಮೆಮೇರ್ ಕನಿಕರದಿಂದ.

ವೆಂಡೆಲ್ ಬಾಗಿಲ ತನಕ ಹಿಮ್ಮುಖವಾಗಿಯೇ ನಡೆದ. ಅಂದಿನಿಂದ ಮೆಮೇರ್ ಎದುರು ಬಂದರೆ ಅವನು ರಸ್ತೆಯ ಆ ಬದಿಗೆ ಹೋಗತೊಡಗಿದ. ಅಧಿಕಾರಿಗಳು ಈಗಲಾದರೂ ದೊಡ್ಡವರಿಗೆ ಮರ್ಯಾದೆ ಕೊಡುವುದು ಕಲಿತರಲ್ಲ ಎಂದು ಆಕೆ ಮೆಚ್ಚಿಕೊಂಡಳು.

ಕೊನೆಗೆ ಆಕೆ ಆರಿಸಿದ್ದು ಜಾಕಿನ ಯಂತ್ರ. ಕಾರು ಎತ್ತುವ ಜಾಕಿನಂಥದ್ದೇ, ಉದ್ದನೆಯ ಹಿಡಿ, ಕೆಳಗೊತ್ತಿದಷ್ಟೂ ತಟ್ಟೆಗಳು ಬಿಗಿಯುತ್ತವೆ. ತನ್ನ ತವರಿನ ಬಾವಿಯ ಪಂಪಿಗೂ ಇದೇ ಥರದ ಹಿಡಿ ಇತ್ತು ಎಂಬುದು ಆಕೆ ಕೊಟ್ಟ ಕಾರಣ. ಯಂತ್ರ ಬಂದಿಳಿದಾಗ ಹೊತ್ತು ಗ್ಯಾರೇಜಿಗೆ ತಂದವನು ಆಕೆಯ ಮಗ ರೆಯಾಲ್. ಅಪ್ಪನ ಪಿಟೀಲು ಈಗ ಅವನದು, ಅಪ್ಪನ ಗಂಟಲೂ ಅವನದೇ; ಒಂದು ವಿಷಯ ಅವನಿಗೆ ಹೇಳಿದರೆ ಊರಿಗೆ ಬೇರೆ ಡಂಗುರ ಬೇಡ.

"ಹಿಮಪಾದುಕೆ ಕ್ಲಬ್ಬಲ್ಲಿ ಎಲ್ಲರಿಗೂ ಹೇಳಿದೀನಿ," ಎಂದ ಬೆವರೊರೆಸುತ್ತ. ಹಿಮದಲ್ಲಿ ನಡೆಯಲು ಅಗಲ ಪಾದುಕೆ ಕಟ್ಟಿ ಹೊರಡುವ ಫ್ರೆಂಚರು ಸೇರಿ ಹಾಡಿ ಕುಣಿಯುವ ಕ್ಲಬ್ಬು ಅದು. "ಸಂತ ಕ್ಯಾಥರೀನಳ ಹಬ್ಬದ ಭಾನುವಾರ ಅಪ್ಪನ ಪಿಟೀಲು, ನಿನ್ನ ರೋಸಿನ್. ಅಧ್ಯಕ್ಷರು ನಿನ್ನ ಸೊಂಟಕ್ಕೆ ಕ್ಲಬ್ಬಿನ ಕೆಂಪು ಪಟ್ಟಿ ಕಟ್ತಾರಂತೆ. ಕುಣಿಯೋಕೆ ಬರದವನಿಗೆ ಅದನ್ನ ಕಟ್ತಿರೋದು ಇದೇ ಮೊದಲು."

ಒಮೇರ್ ಲೆಕ್ಕ ಹಾಕಿದ: ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವನು ಪೋರ್ಟ್‌ಲ್ಯಾಂಡಿನ ವಾದ್ಯದಂಗಡಿಗೆ ಹೋಗಿ ಅಸಲಿ ಪಿಟೀಲು ರೋಸಿನ್ ಕೊಂಡು ತಂದ, ಅದರ ಚೆಂದದ ಪೆಟ್ಟಿಗೆ ಬಿಸಾಡಿದ, ಮನೆಯಲ್ಲೇ ಮಾಡಿದ್ದೆಂದು ಕಾಣಲಿ ಎಂದು ಸುತ್ತಿಗೆಯಿಂದ ನಾಲ್ಕೇಟು ಹಾಕಿ ಬೇಕಿಂಗ್ ಕಾಗದದಲ್ಲಿ ಸುತ್ತಿದ. ಆ ಸಂಭ್ರಮದಲ್ಲೇ ಹೊಸ ಯಂತ್ರದಲ್ಲಿ ತನ್ನ ಹೂವನ್ನೂ ಒತ್ತಿದ. ಮೆಮೇರ್ ಆರಿಸಿದ ಯಂತ್ರ ಸುಳ್ಳಾಗಲಿಲ್ಲ. ಬಂಗಾರದ ಬಣ್ಣದ ಅಂಟು ಇಳಿಯಿತು. ಅದನ್ನೂ ಅದೇ ಕಾಗದದಲ್ಲಿ ಸುತ್ತಿ ಎರಡನ್ನೂ ಫ್ರಿಜ್ಜಿನ ಬೆಣ್ಣೆಯ ಗೂಡಿನಲ್ಲಿಟ್ಟ. ಎಡಕ್ಕೆ ಗಾಂಜಾ, ಬಲಕ್ಕೆ ಪಿಟೀಲು ಎಂದು ಮಗ್ಗಿಯಂತೆ ಬಾಯಿಪಾಠ ಮಾಡಿದ. ಹಬ್ಬದ ಬೆಳಿಗ್ಗೆ ಲೋರೆಟ್ ಬೆಣ್ಣೆ ತೆಗೆಯಲು ಎರಡನ್ನೂ ಹೊರಗಿಟ್ಟು ಮತ್ತೆ ಒಳಗಿಟ್ಟಳು. ಆಕೆಗೆ ಆ ಮಗ್ಗಿಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮಧ್ಯಾಹ್ನ ರೆಯಾಲ್ ಬಂದು ಅಮ್ಮನನ್ನೂ ಅಕ್ಕನನ್ನೂ ಕಾರಿನಲ್ಲಿ ಕೂರಿಸಿಕೊಂಡ. ಒಮೇರ್ ಬಲಗಡೆಯ ಪೊಟ್ಟಣವನ್ನು ಮೆಮೇರ್‌ಳ ಕೈಗಿತ್ತು, ಬಟ್ಟೆ ಬದಲಿಸಿ ಹಿಂದೆಯೇ ಬರುತ್ತೇನೆಂದ. ಆಕೆ ಅದನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದು ಹೋದಳು.

ಕೆಂಪು ಪಟ್ಟಿ ಕಟ್ಟಿಸಿಕೊಳ್ಳುವ ಮೊದಲು ಧೈರ್ಯಕ್ಕೆ ಒಂದೇ ಒಂದು ದಮ್ಮು ಎಳೆದರೆ ತಪ್ಪಿಲ್ಲ, ಹೋಗುವಾಗ ನಡೆದೇ ಹೋದರಾಯಿತು ಎಂದು ಒಮೇರ್ ಉಳಿದ ಪೊಟ್ಟಣವನ್ನು ಗ್ಯಾರೇಜಿಗೆ ಒಯ್ದ. ಚೂರು ಮುರಿದು ಗಾಜಿನ ನಳಿಗೆಯಲ್ಲಿ ಹಾಕಿ ಕಾಯಿಸಿ ಎಳೆದ. ಕ್ರಿಸ್‌ಮಸ್ ಮರವೊಂದು ಅವನ ಗಂಟಲಲ್ಲಿ ಹೊತ್ತಿ ಉರಿಯಿತು. ಕೆಮ್ಮಿದ, ಕಣ್ಣಲ್ಲಿ ನೀರು ಬಂತು, ಯಂತ್ರದ ಹಿಡಿ ಹಿಡಿದುಕೊಂಡು ಮತ್ತೆ ಕೆಮ್ಮಿದ. ಪೈನ್ ಮರ. ಇಲ್ಲಿರುವುದು ಪೈನ್ ಮರವಾದರೆ ಅಲ್ಲಿಗೆ ಹೋದದ್ದು ಏನೆಂದು ಯೋಚಿಸಲು ಒಮೇರನಂಥ ಒಮೇರನಿಗೂ ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದೇ ಕಾಲಿಗೆ ಬೂಟು ಹಾಕಿದ್ದನ್ನೂ ನೋಡದೆ ಕಾರು ಹತ್ತಿದ.

ಕ್ಲಬ್ಬಿನ ಸಭಾಂಗಣ ತುಂಬಿತ್ತು. ಕಾಕಂಬಿಯ ಪಾಕ ಎಳೆದು ಮಾಡಿದ ಹಬ್ಬದ ಮಿಠಾಯಿಯನ್ನು ಎಲ್ಲರೂ ಅಗಿಯುತ್ತಿದ್ದರು. ವೆಂಡೆಲ್ ಹ್ಯಾಸ್ಕೆಲ್ ಕೂಡ ಬಂದಿದ್ದ. ಸಭಾಂಗಣದಲ್ಲಿ ಎಷ್ಟು ಜನ ಹಿಡಿಯುತ್ತಾರೆಂದು ಲೆಕ್ಕ ನೋಡುವ ನೆಪ, ನಿಜಕ್ಕೆ ಮಿಠಾಯಿಯ ಆಸೆ. ವೇದಿಕೆಯ ಮೇಲೆ ರೆಯಾಲ್ ಕಮಾನಿಗೆ ರೋಸಿನ್ ಉಜ್ಜಿ ಉಜ್ಜಿ ಮುಗಿಸಿದ್ದ. ಕೈಯ ಬಿಸಿಗೆ ಅದು ಮೆತ್ತಗಾಗಿ ಜೇನಾಗಿತ್ತು. "ಮನೆಯ ಮಾಲು, ಎಷ್ಟು ಮೃದು ನೋಡಿ," ಎಂದು ಅವನೇ ಸಭೆಗೆ ಹೇಳಿದ.

ನೂರು ಕಾಲುಗಳು ತಾಳ ಹಿಡಿದವು. ರೆಯಾಲ್ ಕಮಾನು ಇಳಿಸಿದ. ಒಂದು ಸ್ವರ ಹೊರಟಿತು, ಆದರೆ ಮುಂದಕ್ಕೆ ಹೋಗಲಿಲ್ಲ. ಬಾಗಿಲ ಸಂದಿಗೆ ಬಾಲ ಸಿಕ್ಕ ಬೆಕ್ಕಿನಂತೆ ಅಲ್ಲೇ ಕೂಗಿತು. ರೆಯಾಲ್ ಕಮಾನು ಎಳೆದ. ಕಮಾನಿನ ಜೊತೆ ಪಿಟೀಲೂ ಬಂತು. ಎಡಗೈಯಿಂದ ಬಿಡಿಸಲು ಹೋದ; ಎಡಗೈಯೂ ಅಂಟಿತು. ಹೊಸ ಶೈಲಿಯಿರಬಹುದೆಂದು ಅಧ್ಯಕ್ಷರು ಎರಡು ಸಲ ಚಪ್ಪಾಳೆ ತಟ್ಟಿ ನಿಲ್ಲಿಸಿದರು. ಆಗ ವೆಂಡೆಲ್ ಎದ್ದು ನಿಂತು, ಗಾಳಿಯನ್ನು ಮೂಸಿ, ಮತ್ತೊಮ್ಮೆ ಮೂಸಿದ.

"ಮೇಡಂ," ಎಂದು ಕಮಾನು ತೋರಿಸುತ್ತ ಮುಂದಿನ ಸಾಲಿನ ಮೆಮೇರ್‌ಳ ಕಡೆ ಬಗ್ಗಿದ, "ನೀವು ಹೇಳಿದ ಕುದುರೆ ಇದೇನಾ?"

ಒಮೇರ್ ಒಂದು ಬೂಟಿನಲ್ಲಿ ಕುಂಟುತ್ತ ಒಳಗೆ ಬಂದದ್ದು ಆಗ. ಎಲ್ಲರೂ ತಿರುಗಿ ನೋಡಿದರು. ತಪ್ಪಿಸಿಕೊಳ್ಳಲು ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಮೆಮೇರ್ ಖಾಲಿ ಕಾಗದವನ್ನು ಇನ್ನೂ ಜೋಪಾನವಾಗಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅದನ್ನು ಕಂಡು ಅವನಿಗೆ ಸುಳ್ಳು ಹೇಳಲು ನಾಚಿಕೆಯಾಯಿತು.

"ಅದು ಪಿಟೀಲಿಂದಲ್ಲ," ಎಂದ. "ಗಾಂಜಾ ರೋಸಿನ್. ನಾನು ಒತ್ತಿದ್ದು. ಯಂತ್ರ ತಗೊಂಡಿದ್ದೇ ಅದಕ್ಕೆ. ಮೆಮೇರ್ ತಪ್ಪು ತಿಳ್ಕೊಂಡ್ರು, ನಾನು ಹೇಳಲಿಲ್ಲ. ಇದರಲ್ಲಿ ರೆಯಾಲನ ತಪ್ಪೇನೂ ಇಲ್ಲ."

ಇಡೀ ಸಭೆ ಅಗಿಯುವುದನ್ನು ನಿಲ್ಲಿಸಿತು. ಎಲ್ಲರೂ ಬಾಯಲ್ಲಿದ್ದದ್ದನ್ನು ನುಂಗಲೂ ಆಗದೆ ಉಗುಳಲೂ ಆಗದೆ ಒಬ್ಬರನ್ನೊಬ್ಬರು ನೋಡಿದರು.

"ಮಿಠಾಯಿ ನಾನು ಮಾಡಿದ್ದು," ಎಂದಳು ಲೋರೆಟ್ ಎದ್ದು. "ಬರೀ ಕಾಕಂಬಿ. ನುಂಗಿ."

ನುಂಗಿದರು. ಆದರೂ ಅಧ್ಯಕ್ಷರಿಗೆ ನೆಲ ಓರೆಯಾಗಿ ಕಂಡಿತು, ಖಜಾಂಚಿಯ ಕಿವಿಯಲ್ಲಿ ಗಂಟೆ ಬಾರಿಸಿತು. ಒಬ್ಬರೂ ಒಂದು ದಮ್ಮು ಎಳೆಯದೆ, ಒಂದು ಚೂರು ತಿನ್ನದೆ, ಕೇಳಿದಷ್ಟಕ್ಕೇ ಅರ್ಧ ಸಭೆಗೆ ಅಮಲೇರಿ ನಗು ತಡೆಯಲಾಗಲಿಲ್ಲ. ರೆಯಾಲ್ ಪಿಟೀಲು ಸಮೇತ ಕೂತು ಎಲ್ಲರಿಗಿಂತ ಜೋರಾಗಿ ನಕ್ಕ. ಯಾರೋ ಎರಡು ಚಮಚ ತಂದು ತೊಡೆಯ ಮೇಲೆ ಬಡಿದರು, ಕಾಲುಗಳು ಮತ್ತೆ ತಾಳ ಹಿಡಿದವು, ಹಾಡು ಶುರುವಾಯಿತು. ನಗದೆ ಇದ್ದವಳು ಮೆಮೇರ್ ಒಬ್ಬಳೇ. ಊರುಗೋಲು ಹಿಡಿದು ಎದ್ದು, "ನನ್ನನ್ನ ಮನೆಗೆ ಬಿಡು," ಎಂದಳು ಒಮೇರನ ಮುಖ ನೋಡದೆ.

ಕಾರು ಗಿರಣಿಯ ಸೇತುವೆ ದಾಟಿತು. ಒಮೇರ್ ಇಂಗು ತಿಂದ ಮಂಗನ ಹಾಗೆ ರಸ್ತೆ ನೋಡುತ್ತಿದ್ದ. ಹೋಯಿತು, ಎಲ್ಲ ಹೋಯಿತು ಎಂದು ಅವನಿಗೆ ಅಳುವೇ ಬರುವಂತಿತ್ತು.

"ರೋಸಿನ್‌ಗೆ ಯಂತ್ರ ಬೇಕಾಗಿಲ್ಲ," ಎಂದಳು ಮೆಮೇರ್ ಇದ್ದಕ್ಕಿದ್ದಂತೆ. "ಅಡೆಲಾರ್ ಪೈನ್ ಅಂಟನ್ನ ಹಳೇ ಡಬ್ಬಿಯಲ್ಲಿ ಹಾಕಿ ಒಲೆ ಮೇಲೆ ಕರಗಿಸೋನು. ಅಷ್ಟೇ ಅದರ ಕೆಲಸ."

ಒಮೇರ್ ಕಾರು ನಿಧಾನ ಮಾಡಿದ. "ನಿಮಗೆ ಇದು ಮೊದಲೇ ಗೊತ್ತಿತ್ತಾ?"

"ಆ ಪುಸ್ತಕ ನೋಡಿದ ದಿನಾನೇ ಗೊತ್ತಿತ್ತು. ಯಾರೋ ಈ ಪೆದ್ದನಿಗೆ ಟೋಪಿ ಹಾಕ್ತಿದಾರೆ ಅಂದ್ಕೊಂಡೆ."

"ಮತ್ತೆ ಯಾಕೆ ಹೇಳಲಿಲ್ಲ, ಮೆಮೇರ್?"

ಆಕೆ ಕೈಗವಸನ್ನು ಬಿಚ್ಚಿ ಮತ್ತೆ ಹಾಕಿಕೊಂಡಳು. "ಅವನು ಹೋದ ಮೇಲೆ ಊಟ ಆದ್ಮೇಲೆ ನನ್ನ ಪಕ್ಕ ಬಂದು ಕೂತೋರು ಯಾರು? ಲೋರೆಟ್‌ಗೆ ಮನೆಗೆಲಸ. ರೆಯಾಲ್‌ಗೆ ಊರ ಕೆಲಸ. ನೀನು ಕುರ್ಚಿ ಎಳ್ಕೊಂಡು ಬಂದು ಕೂತೆ. ಯಂತ್ರ ಬೇಡ ಕಣೋ ಅಂದಿದ್ರೆ ನೀನು ಎದ್ದು ಹೋಗ್ತಿದ್ದೆ."

ಒಮೇರ್ ಕಣ್ಣು ಮಂಜಾಗಿ, ಮಳೆ ಬಂತೆಂದುಕೊಂಡು ವೈಪರ್ ಹಾಕಿದ. ಒಣಗಾಜಿನ ಮೇಲೆ ಅದು ಕಿರ್ರೆಂದು ಕಿರುಚಿತು.

"ಅದನ್ನ ನಿಲ್ಲಿಸು," ಎಂದಳು ಮೆಮೇರ್. "ಪೆದ್ದ ಅಂತ ಕನಿಕರಪಟ್ಟು ಇಷ್ಟು ದಿನ ಸುಮ್ಮನಿದ್ದೆ. ಇಂಥ ಕಳ್ಳ ಅಂತ ಗೊತ್ತಿದ್ರೆ ಮೊದಲೇ ಸ್ವಲ್ಪ ಮರ್ಯಾದೆ ಕೊಡ್ತಿದ್ದೆ." ಮನೆಯ ತಿರುವು ಬಂದ ಮೇಲೆ ಇನ್ನೊಂದು ಮಾತು ಸೇರಿಸಿದಳು. "ಆ ಯಂತ್ರ ವಾಪಸ್ ಕಳಿಸು."

"ಸರಿ, ಮೆಮೇರ್. ನಾಳೆನೇ ಕಳಿಸ್ತೀನಿ. ಇನ್ನು ಆ ಸಹವಾಸಾನೇ ಬೇಡ."

"ಬೇಡ ಅಂತ ಯಾರಂದ್ರು?" ಎಂದಳು ಆಕೆ. "ನಾಳೆ ಊಟ ಆದ್ಮೇಲೆ ಬಂದು ಕೂತ್ಕೋ. ಬೇರೆ ಆರಿಸಬೇಕು."